ಎರಡು ಗಂಟೆಯ ಶ್ರೀರಂಗಪಟ್ಟಣ

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡ, ಮಕ್ಕಳೊಡನೆ ರಾಜಾಜಿನಗರದ ನಮ್ಮ ಮನೆಗೆ ಬಂದಿದ್ದಳು. ಜರ್ಮನಿಯಲ್ಲಿ ನೆಲೆಸಿ ಬಹಳ ವರ್ಷಗಳಾದರೂ ಊರಿಗೆ ಬಂದಾಗ ಮೇಷ್ಟ್ರನ್ನು ಮರೆಯದ ಮಗು. ಗ್ರೀಸ್ ದೇಶದ ರೋಡ್ಸ್ ದ್ವೀಪಕ್ಕೆ ಪ್ರವಾಸ ಹೋಗಿದ್ದಾಗಿನ ಚಿತ್ರಗಳನ್ನು ತೋರಿಸಿದಳು. ಕೋಟೆಯೊಳಗಿನ ಹಳೆಯ ಪಟ್ಟಣ, ಕಲ್ಲು ಹಾಸಿದ ಓಣಿಗಳು, ಸಂತ ಜಾನ್ ಪಂಥದ ಯೋಧರು ಕಟ್ಟಿದ ಗೋಡೆಗಳು, 1522ರಲ್ಲಿ ತುರ್ಕಿಯ ಸುಲ್ತಾನ ಸುಲೇಮಾನನು ದ್ವೀಪವನ್ನು ಗೆದ್ದ ಬಳಿಕ ಎದ್ದ ಮಸೀದಿ. "ಮೂರು ದಿನ ಬರೀ ನಡೆದೆವು ಸಾರ್, ಆದರೂ ಮುಗಿಯಲಿಲ್ಲ" ಎಂದಳು.

ನನಗೆ ಸಂತೋಷವೇ ಆಯಿತು. ಮಾತಿಗೆ ಮಾತು ಬಂದು, "ನಮ್ಮ ಶ್ರೀರಂಗಪಟ್ಟಣವೂ ದ್ವೀಪವೇ ಅಲ್ಲವೇನಮ್ಮಾ, ಅದನ್ನು ಎಷ್ಟು ಹೊತ್ತು ನೋಡಿದ್ದೀಯೆ?" ಎಂದೆ. ಅವಳು ನಕ್ಕಳು. "ನೀವೇ ಕರೆದುಕೊಂಡು ಹೋಗಿದ್ದಿರಲ್ಲ ಸಾರ್. ಎರಡು ಗಂಟೆ."

ಆ ಉತ್ತರ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಇದನ್ನು ಓದುವ ನಿಮ್ಮಲ್ಲಿ ಅನೇಕರಿಗೆ ಆ ಪ್ರವಾಸ ನೆನಪಿರಬಹುದು. ಬೆಳಗಿನ ಜಾವ ನಾಲ್ಕು ಗಂಟೆಗೆ ಶಾಲೆಯ ಮುಂದೆ ಬಸ್ಸು, ದಾರಿಯಲ್ಲಿ ಬುತ್ತಿಯ ಚಿತ್ರಾನ್ನ, ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ ದೇವಾಲಯ, ದರಿಯಾ ದೌಲತ್, ಗುಂಬಜ್, ಸಂಗಮ. ಮಧ್ಯಾಹ್ನದೊಳಗೆ ಮೈಸೂರಿನ ಅರಮನೆ ಮತ್ತು ಮೃಗಾಲಯ ಮುಗಿಸಿ, ದೀಪ ಹತ್ತುವ ಹೊತ್ತಿಗೆ ಬೃಂದಾವನ ಸೇರಬೇಕು. ಕೈಯಲ್ಲಿ ಸೀಟಿ ಹಿಡಿದು "ಬೇಗ ಬೇಗ ಹತ್ತಿ" ಎಂದು ಕೂಗುತ್ತಿದ್ದವನು ನಾನು. ಸಮಾಜ ವಿಜ್ಞಾನದ ಮೇಷ್ಟ್ರು! ನಾಲ್ಕನೆಯ ಮೈಸೂರು ಯುದ್ಧದ ಕಾರಣಗಳನ್ನು ಬರೆಯಿಸಿ ಅಂಕ ಕೊಡುತ್ತಿದ್ದವನಿಗೆ ಆ ಯುದ್ಧ ಮುಗಿದ ಜಾಗದಲ್ಲಿ ಹತ್ತು ನಿಮಿಷ ನಿಲ್ಲಿಸಲು ಪುರಸೊತ್ತಿರಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಶ್ರೀರಂಗಪಟ್ಟಣವನ್ನು ನಾವು ಒಂದು ಊರೆಂದು ನೋಡುವುದೇ ಇಲ್ಲ. ಮೈಸೂರಿನ ದಾರಿಯಲ್ಲಿ ಸಿಗುವ ನಾಲ್ಕೈದು ಸ್ಥಳಗಳೆಂದು ಎಣಿಸುತ್ತೇವೆ. ಸ್ಥಳವನ್ನು ಬಸ್ಸಿನಲ್ಲಿ ನೋಡಬಹುದು. ಊರನ್ನು ಕಾಲಿನಲ್ಲಿಯೇ ನೋಡಬೇಕು.

ನಿವೃತ್ತನಾದ ಮೇಲೆ ಒಮ್ಮೆ ಮೇ ತಿಂಗಳಿನಲ್ಲಿ ನಾನೂ ನನ್ನ ಮನೆಯವರೂ ರೈಲಿನಲ್ಲಿ ಹೋಗಿ ಅಲ್ಲಿ ಎರಡು ರಾತ್ರಿ ತಂಗಿದೆವು. ರೈಲುಹಳಿ ಕೋಟೆಯನ್ನು ಸೀಳಿಕೊಂಡೇ ಹೋಗುತ್ತದೆ. ಇಳಿದರೆ ಕೋಟೆಯ ಒಳಗೇ ಇಳಿದಂತೆ. (ಜೋಡಿಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದನ್ನು ಕೆಡವದೆ, 2017ರಲ್ಲಿ ಇಡಿಯಾಗಿಯೇ ನೂರು ಮೀಟರಿಗೂ ಆಚೆ ಸರಿಸಿದರು. ಮನಸ್ಸು ಮಾಡಿದರೆ ನಮ್ಮವರಿಂದ ಆಗದ್ದಿಲ್ಲ.) ವಾಯವ್ಯ ಮೂಲೆಯಲ್ಲಿ ಗೋಡೆ ಒಡೆದ ಜಾಗವಿದೆ, 1907ರಲ್ಲಿ ನಿಲ್ಲಿಸಿದ ಸ್ಮಾರಕ ಸ್ತಂಭವೂ ಇದೆ. ಮಧ್ಯಾಹ್ನ ಒಂದು ಗಂಟೆಯ ಬಿಸಿಲಿನಲ್ಲಿ ಅಲ್ಲಿ ನಿಂತು ಹೊಳೆಯನ್ನು ನೋಡಿದೆ. ಬಂಡೆಗಳ ನಡುವೆ ಮೊಣಕಾಲು ಮುಳುಗುವಷ್ಟು ನೀರು.

1799ರ ಮೇ 4ರಂದು ಇಂಗ್ಲಿಷರ ಪಡೆ ಹೊಳೆ ದಾಟಿ ನುಗ್ಗಿದ್ದು ಇಂಥದೇ ಹೊತ್ತಿನಲ್ಲಿ. ಮಳೆಗಾಲ ಹಿಡಿದು ಕಾವೇರಿ ತುಂಬಿದರೆ ಈ ಕೋಟೆಯನ್ನು ಮುಟ್ಟಲಾಗದು ಎಂಬುದು ಮುತ್ತಿದವರಿಗೆ ಗೊತ್ತಿತ್ತು, ಒಳಗಿದ್ದ ಟಿಪ್ಪುವಿಗೂ ಗೊತ್ತಿತ್ತು. ಮಳೆ ಬರುವ ತನಕ ತಡೆದುಕೊಳ್ಳುವುದೇ ಒಳಗಿನವರ ಆಸೆ. ದಾಳಿಯ ಮುಂದಾಳು ಬೇರ್ಡ್ ಹಿಂದೆ ಇದೇ ಊರಿನಲ್ಲಿ ಮೂರೂವರೆ ವರ್ಷ ಸೆರೆಯಾಳಾಗಿದ್ದವನು. ಈಗ ಮೇಲ್ಗಡೆ ಕನ್ನಂಬಾಡಿ ಕಟ್ಟೆ ಇರುವುದರಿಂದ ಹೊಳೆಯ ಸ್ವಭಾವ ಅಂದಿನಂತೆ ಇಲ್ಲ, ನಿಜ. ಆದರೂ ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಯುದ್ಧವೆಂದರೆ ನೀರಿನ ಲೆಕ್ಕ ಎಂಬುದು ಅರ್ಥವಾದದ್ದು ಅಂದು. ಟಿಪ್ಪುವಿನ ಪರವಾಗಿಯೂ ವಿರೋಧವಾಗಿಯೂ ಗಂಟಲು ಹರಿಯುವಂತೆ ವಾದಿಸುವವರಲ್ಲಿ ಎಷ್ಟು ಮಂದಿ ಇಲ್ಲಿಗೆ ಬಂದು ನಿಂತಿದ್ದಾರೋ ಕಾಣೆ.

ಊರೆಂದರೆ ಟಿಪ್ಪುವೊಬ್ಬನೇ ಅಲ್ಲ. ಕೋಟೆ ಮೊದಲು ಎದ್ದದ್ದು 1454ರಲ್ಲಿ, ನಾಗಮಂಗಲದ ತಿಮ್ಮಣ್ಣ ಹೆಬ್ಬಾರನ ಕಾಲದಲ್ಲಿ ಎನ್ನುತ್ತಾರೆ. ವಿಜಯನಗರದ ಪ್ರತಿನಿಧಿಗಳು ಇಲ್ಲಿಂದ ಆಳಿದರು. 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ಪಡೆದು ದಸರೆ ಆರಂಭಿಸಿದ್ದು ಇಲ್ಲಿಯೇ; ಅಲ್ಲಿಂದ ಮುಂದೆ ಹತ್ತಿರ ಹತ್ತಿರ ಎರಡು ಶತಮಾನ ಇದೇ ರಾಜಧಾನಿ. ಇಂಗ್ಲಿಷರ ದಂಡೂ ಕೆಲವು ವರ್ಷ ಇಲ್ಲಿತ್ತು. ಜ್ವರದ ಕಾಟ ತಾಳಲಾರದೆ ಅವರು ದಂಡನ್ನು ಬೆಂಗಳೂರಿಗೆ ಎತ್ತಿದರು. ಬೆಂಗಳೂರಿನ ಕಂಟೋನ್ಮೆಂಟಿನ ಹುಟ್ಟಿನಲ್ಲಿ ಶ್ರೀರಂಗಪಟ್ಟಣದ ಸೊಳ್ಳೆಗೂ ಪಾಲುಂಟು ಎಂದು ತರಗತಿಯಲ್ಲಿ ಹೇಳಿದ್ದರೆ ನೀವು ಎಂದಿಗೂ ಮರೆಯುತ್ತಿರಲಿಲ್ಲ!

ಎರಡನೆಯ ದಿನ ಬೆಳಿಗ್ಗೆ ಕೋಟೆಯೊಳಗಿನ ಒಂದು ಬೀದಿಯಲ್ಲಿ ಹಿರಿಯರೊಬ್ಬರು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಹಳೆಯ ಹೆಂಚಿನ ಮನೆ. "ಮಳೆ ಬಂದ್ರೆ ಸೋರುತ್ತೆ ಸ್ವಾಮಿ. ಬಿಚ್ಚಿ ಕಟ್ಟೋಣ ಅಂದ್ರೆ ಕಾನೂನು ಬಿಡೋಲ್ಲ. ನೋಡೋಕೆ ಬರೋರು ಕಲ್ಲು ನೋಡ್ಕೊಂಡು ಹೋಗ್ತಾರೆ, ಕುಡಿಯೋ ನೀರೂ ಬೆಂಗಳೂರಿಂದಲೇ ತಂದಿರ್ತಾರೆ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

2010ರ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್‌ನಲ್ಲೂ ಕೇಳಿಯೇ ಕಟ್ಟಬೇಕು. ಕಾನೂನನ್ನು ನಾನು ತೆಗಳಲಾರೆ. ಅದಿಲ್ಲದಿದ್ದರೆ ಕೋಟೆಯ ಕಲ್ಲುಗಳು ಎಂದೋ ಯಾರದೋ ತಳಪಾಯ ಸೇರುತ್ತಿದ್ದವು. ಆದರೆ ನಮ್ಮೆಲ್ಲರ ಚರಿತ್ರೆಯನ್ನು ಉಳಿಸುವ ಭಾರ ಆ ಸೋರುವ ಮನೆಯ ಮೇಲೆ ಬಿದ್ದಿದೆ. ಅದರ ಫಲ ಆ ಮನೆಗೆ ತಲುಪುತ್ತಿಲ್ಲ. ರೋಡ್ಸ್‌ನ ಹಳೆಯ ಪಟ್ಟಣ 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ದ್ವೀಪ ಪಟ್ಟಣದ ಸ್ಮಾರಕಗಳು 2014ರಿಂದ ತಾತ್ಕಾಲಿಕ ಪಟ್ಟಿಯಲ್ಲಿವೆ. ಪಟ್ಟಿ ಹೇಗಾದರೂ ಇರಲಿ, ಅಲ್ಲಿ ಪ್ರವಾಸಿ ಮೂರು ದಿನ ಉಳಿದು, ಉಂಡು, ಮಲಗಿ ಹೋಗುತ್ತಾನೆ. ಎರಡು ಗಂಟೆಯ ಪ್ರವಾಸಿಯಿಂದ ಊರಿಗೆ ಉಳಿಯುವುದು ಕಸ ಮಾತ್ರ. ಈ ಮಾತನ್ನು ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಹಿಂದೆ ಮೈಸೂರಿಗೆ ಹೋಗುವವರ ಕಣ್ಣಿಗಾದರೂ ಊರು ಬೀಳುತ್ತಿತ್ತು. ಈಗ ಫಲಕ ಮಾತ್ರ ಕಾಣುತ್ತದೆ. ಹಾಗೆಂದು ಇದು ಕೆಟ್ಟದ್ದೇ ಆಗಬೇಕಿಲ್ಲ. ಧಾವಂತದವರು ಹೊರಗಿನಿಂದಲೇ ಹೋಗಲಿ, ಬೇಕೆಂದು ಬರುವವರಿಗೆ ಬೀದಿಗಳು ತೆರವಾಗಲಿ. ಶಾಲೆಗಳೂ ಒಂದು ವರ್ಷ ಮೈಸೂರನ್ನು ಬಿಟ್ಟು, ಇಡೀ ದಿನವನ್ನು ಇದೊಂದೇ ಊರಿಗೆ ಕೊಡಬಾರದೇಕೆ? ಮಕ್ಕಳಿಗೆ ಮೃಗಾಲಯ ತಪ್ಪಿದ್ದಕ್ಕೆ ಬೇಸರವಾಗಬಹುದು. ಆಗಲಿ.

ಬರುವ ಮೇ ತಿಂಗಳಿನಲ್ಲಿ ಮೊಮ್ಮಗನೊಡನೆ ಮತ್ತೆ ಹೋಗುವವನಿದ್ದೇನೆ. ನಿಮ್ಮಲ್ಲಿ ಯಾರಾದರೂ ಬರುವುದಾದರೆ ತಿಳಿಸಿ. ರೈಲಿನಲ್ಲೇ ಹೋಗುವುದು, ಕನಿಷ್ಠ ಒಂದು ರಾತ್ರಿ ಉಳಿಯುವುದು, ಊಟ ಅಲ್ಲಿಯೇ. ಛತ್ರಿ, ಒಳ್ಳೆಯ ಚಪ್ಪಲಿ ತನ್ನಿ. ಸೀಟಿಯನ್ನು ನಾನು ಮನೆಯಲ್ಲೇ ಬಿಟ್ಟು ಬರುತ್ತೇನೆ.