ದಾರಿಯ ಹೊತ್ತು ಯಾರದು?

ಮನೆಯಲ್ಲಿ ಕುಳಿತು ಮಾಡುವ ಕೆಲಸವು ಮೇಲೋ, ಕಚೇರಿಗೆ ಹೋಗಿ ಮಾಡುವ ಕೆಲಸವು ಮೇಲೋ ಎಂಬ ವಾದವು ಬೆಂಗಳೂರಿನಲ್ಲಿ ಐದು ವರ್ಷಗಳಿಗೂ ಮಿಕ್ಕು ನಡೆದುಬಂದಿದೆ. 2020ನೆಯ ಮಾರ್ಚಿ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಕಂಪ್ಯೂಟರ್ ಉದ್ಯಮದ ಯಜಮಾನರೇ ನೌಕರರನ್ನು ಮನೆಗೆ ಕಳುಹಿಸಿದರು, ಕೆಲಸವು ನಿಲ್ಲಲಿಲ್ಲ. ವ್ಯಾಧಿಯು ಇಳಿದ ಮೇಲೆ ಅದೇ ಯಜಮಾನರು ಒಬ್ಬೊಬ್ಬರಾಗಿ ಹಿಂದಕ್ಕೆ ಕರೆಯತೊಡಗಿದರು. ಟಿ.ಸಿ.ಎಸ್. ಕಂಪೆನಿಯು 2023ನೆಯ ಅಕ್ಟೋಬರಿನಿಂದ ವಾರದ ಐದು ದಿನವೂ ಬರತಕ್ಕದ್ದೆಂದಿತು. ವಿಪ್ರೋ ಅದೇ ನವೆಂಬರಿನಿಂದ ಮೂರು ದಿನವೆಂದಿತು. ಇನ್ಫೋಸಿಸ್ 2025ನೆಯ ಮಾರ್ಚಿ 10ರಿಂದ ತಿಂಗಳಿಗೆ ಹತ್ತು ದಿನವೆಂದಿತು. ಒಂದೇ ಬಗೆಯ ಕೆಲಸಕ್ಕೆ ಮೂರು ಬಗೆಯ ಲೆಕ್ಕವು ಯಾವ ಶಾಸ್ತ್ರದಿಂದ ಹುಟ್ಟಿತೆಂದು ಊಹಿಸುವುದು ಸುಲಭವಲ್ಲ.

ಈ ಚರ್ಚೆಯು ಬಹುಮಟ್ಟಿಗೆ ಕಾಕದಂತಪರೀಕ್ಷೆಯೇ ಆಗಿದೆ. ಮನೆಯಲ್ಲಿ ಕುಳಿತವನು ಸೋಮಾರಿಯೆಂದು ಒಂದು ಪಕ್ಷ; ಕಣ್ಣೆದುರಿಗೆ ಕೂರಿಸಿಕೊಳ್ಳಬಯಸುವ ಯಜಮಾನನು ಸಂಶಯಾತ್ಮನೆಂದು ಇನ್ನೊಂದು ಪಕ್ಷ. ಸೋಮಾರಿಯು ಎಲ್ಲಿ ಕುಳಿತರೂ ಸೋಮಾರಿಯೇ; ಸಂಶಯಾತ್ಮನಿಗೆ ಎದುರಿಗೆ ಕುಳಿತವನ ಮೇಲೂ ನಂಬಿಕೆ ಬಾರದು. ಮನೆಗೂ ಕಚೇರಿಗೂ ನಡುವೆ ಇರುವ ದಾರಿಯನ್ನು ಮಾತ್ರ ಇಬ್ಬರೂ ಮರೆತಿದ್ದಾರೆ.

ನಗರದ ದಕ್ಷಿಣದಲ್ಲಿ ಉತ್ತರಹಳ್ಳಿ, ಕೋಣನಕುಂಟೆಗಳ ನೆರೆಯಲ್ಲಿರುವ ಸುಬ್ರಹ್ಮಣ್ಯಪುರವನ್ನೇ ತೆಗೆದುಕೊಳ್ಳಬಹುದು. ಇಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ನೌಕರನಿಗೆ ಕಾಲವು ಕೊಂಚ ಅನುಕೂಲವಾಗಿದೆ. ಮೆಟ್ರೋ ರೈಲಿನ ಹಸಿರು ಮಾರ್ಗವು 2021ನೆಯ ಜನವರಿಯಲ್ಲಿ ಕೋಣನಕುಂಟೆ ಕ್ರಾಸನ್ನು ಮುಟ್ಟಿತು. ಹಳದಿ ಮಾರ್ಗವು 2025ನೆಯ ಆಗಸ್ಟಿನಲ್ಲಿ ತೆರೆಯಿತು. ಆಗ್ನೇಯಕ್ಕೆ ಹೋಗಬೇಕಾದವನು ಮೊದಲು ಉತ್ತರಾಭಿಮುಖನಾಗಿ ಆರ್. ವಿ. ರಸ್ತೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಮತ್ತೆ ದಕ್ಷಿಣಕ್ಕೆ ತಿರುಗಬೇಕು; ಇರಲಿ, ರೈಲಾದರೂ ಉಂಟು. ಹೊರವರ್ತುಲ ರಸ್ತೆಯ ಕಚೇರಿಗಳಿಗೆ ಹೋಗುವವನ ಗತಿಯೇ ಬೇರೆ. ಸಿಲ್ಕ್ ಬೋರ್ಡಿನಲ್ಲಿ ಇಳಿದವನಿಗೆ ಮುಂದೆ ರಸ್ತೆಯೇ ಶರಣು. ಕೃಷ್ಣರಾಜಪುರದವರೆಗಿನ ಮೆಟ್ರೋ ಕಾಮಗಾರಿಯ ದೆಸೆಯಿಂದ 2022ನೆಯ ಡಿಸೆಂಬರಿನವರೆಗೂ ನೌಕರರನ್ನು ಮನೆಯಲ್ಲಿಯೇ ಇರಗೊಡಿರೆಂದು 2021ನೆಯ ಆಗಸ್ಟಿನಲ್ಲಿ ಕಂಪೆನಿಗಳಿಗೆ ಬರೆದದ್ದು ಸರ್ಕಾರವೇ. ಆ ಡಿಸೆಂಬರು ಕಳೆದು, ಅದರ ಮೇಲೆ ಮತ್ತೆ ಮೂರು ಡಿಸೆಂಬರುಗಳು ಕಳೆದರೂ ಅಲ್ಲಿ ರೈಲು ಓಡಲಿಲ್ಲ. ನೌಕರನಿಗೆ ಮಾತ್ರ ಕರೆ ಬಂದಿತು. ಟಾಮ್‌ಟಾಮ್ ಸಂಸ್ಥೆಯ 2024ರ ಎಣಿಕೆಯಂತೆ ಈ ನಗರದಲ್ಲಿ ವಾಹನವು ಹತ್ತು ಕಿಲೋಮೀಟರು ಸಾಗಲು ಸರಾಸರಿ 34 ನಿಮಿಷ ಬೇಕು.

ನಿಲ್ದಾಣದಲ್ಲಿ ಕಾಯುವುದೂ ಸೇರಿ ಹೋಗಲು ಒಂದೂವರೆ ಗಂಟೆ, ಬರಲು ಅಷ್ಟೇ ಎಂದಿಟ್ಟುಕೊಂಡರೆ ವಾರದ ಐದು ದಿನಕ್ಕೆ 15 ಗಂಟೆ. 48 ವಾರಗಳಿಗೆ 720 ಗಂಟೆ. ಹಗಲುರಾತ್ರಿ ಸೇರಿಸಿ ಎಣಿಸಿದರೆ ಪೂರ್ಣ ಮೂವತ್ತು ದಿನ. ಪಂಚಾಂಗದಲ್ಲಿ ಕ್ಷಯಮಾಸವು ಬಹು ಅಪರೂಪ. ಈ ನೌಕರನಿಗೆ ಪ್ರತಿ ಸಂವತ್ಸರದಲ್ಲಿಯೂ ಒಂದು ತಪ್ಪದೆ ಬರುತ್ತದೆ. ತರುಣರು ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕೆಂದು ಶ್ರೀ ಎನ್. ಆರ್. ನಾರಾಯಣಮೂರ್ತಿಯವರು 2023ನೆಯ ಅಕ್ಟೋಬರಿನಲ್ಲಿ ಉಪದೇಶಿಸಿದರು. ಈ ಹದಿನೈದು ಗಂಟೆಗಳು ಆ ಎಪ್ಪತ್ತರೊಳಗೆ ಸೇರಿದವೋ, ಹೊರಗಿನವೋ?

ದಾರಿಯು ನೌಕರನ ಸ್ವಂತ ವಿಷಯ, ಮನೆಯನ್ನು ದೂರದಲ್ಲಿ ಮಾಡಿಕೊಂಡದ್ದು ಅವನ ಇಷ್ಟವೆಂದು ಪೂರ್ವಪಕ್ಷಿಗಳು ಹೇಳುವರು. ಕಚೇರಿಯ ಮಗ್ಗುಲಲ್ಲಿನ ಬಾಡಿಗೆಯನ್ನು ಬಲ್ಲವರು ಇದನ್ನು ಇಷ್ಟವೆಂದು ಕರೆಯಲಾರರು. ಅಲ್ಲದೆ ಕಾನೂನು ಬೇರೆ ಮಾತನ್ನು ಹೇಳುತ್ತದೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ರಾತ್ರಿಕಾವಲುಗಾರನು 2003ರಲ್ಲಿ ಕೆಲಸಕ್ಕೆ ಹೋಗುತ್ತ ದಾರಿಯಲ್ಲಿ ಅಪಘಾತದಿಂದ ಮೃತನಾದನು. ದಾರಿಗೂ ಉದ್ಯೋಗಕ್ಕೂ ಸಂಬಂಧವು ಸಿದ್ಧವಾದಲ್ಲಿ ಇಂಥ ಅಪಘಾತವು ಉದ್ಯೋಗದ ಅವಧಿಯಲ್ಲಿಯೇ ಆದದ್ದೆಂದು ಸರ್ವೋಚ್ಚ ನ್ಯಾಯಾಲಯವು 2025ನೆಯ ಜುಲೈ ತಿಂಗಳಲ್ಲಿ ತೀರ್ಪು ಕೊಟ್ಟಿತು. ಅಂದ ಮೇಲೆ ದಾರಿಯಲ್ಲಿ ಸತ್ತರೆ ಅದು ಉದ್ಯೋಗದ ಹೊತ್ತು. ಬದುಕಿ ಕಚೇರಿಯನ್ನು ಸೇರಿದರೆ ಅದೇ ಹೊತ್ತು ಅವನ ಸ್ವಂತದ್ದು! ಕೋಳಿಯ ಅರ್ಧವನ್ನು ಅಡಿಗೆಗೂ ಉಳಿದರ್ಧವನ್ನು ಮೊಟ್ಟೆಯಿಡುವುದಕ್ಕೂ ಇಟ್ಟುಕೊಳ್ಳುವ ಅರ್ಧಕುಕ್ಕುಟೀ ನ್ಯಾಯಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯುಂಟೆ?

ಪೂರ್ವಪಕ್ಷದಲ್ಲಿ ಗೌರವಿಸತಕ್ಕ ಮಾತು ಒಂದೇ. ಹೊಸಬನು ಹಳಬರ ಬಳಿಯಿದ್ದು ಕಲಿಯಬೇಕು. ಕೇಳಿದ್ದಕ್ಕಿಂತ ಕಂಡದ್ದು ಹೆಚ್ಚು ನಿಲ್ಲುತ್ತದೆ. ಶಿಷ್ಯನಿಗೆ ಅಂತೇವಾಸಿಯೆಂಬ ಹೆಸರು ಬಂದದ್ದೇ ಹಾಗೆ. ಸತ್ಯ. ಆದರೆ ಅಂತೇವಾಸಿಯು ಗುರುಗೃಹದಲ್ಲಿ ವಾಸಮಾಡಿದವನು, ದಿನಕ್ಕೆ ಮೂರು ಗಂಟೆ ದಾರಿ ನಡೆದವನಲ್ಲ. ಹಳದಿ ಮಾರ್ಗದ ಒಂದು ನಿಲ್ದಾಣದ ಹೆಸರಿನಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ಜೊತೆಗೆ ಕೋನಪ್ಪನ ಅಗ್ರಹಾರವೂ ಇದೆ. ಅಗ್ರಹಾರವೆಂದರೆ ಓದುವವರೂ ಓದಿಸುವವರೂ ಒಂದೆಡೆ ಮನೆಮಾಡಿಕೊಂಡಿದ್ದ ಸ್ಥಳವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಅದೂ ಇರಲಿ. ಕಲಿಕೆಗಾಗಿಯೇ ಕರೆಯುವುದಾದರೆ ಕಲಿಸುವವರನ್ನು ಮೊದಲು ಕರೆಯಬೇಕು. 2025ರ ಇನ್ಫೋಸಿಸ್ ಆಜ್ಞೆಯು ಐದನೆಯ ದರ್ಜೆ ಮತ್ತು ಅದಕ್ಕೆ ಕೆಳಗಿನವರಿಗೆ ಹೊರಟಿತು. ಶಿಷ್ಯರಿಗೆ ಹಾಜರಿ, ಗುರುಗಳಿಗೆ ವಿನಾಯಿತಿ! ಬಂದ ಶಿಷ್ಯನಾದರೂ ಮಾಡುವುದೇನು? ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ಸಮುದ್ರದಾಚೆಯವರೊಡನೆ ಮಾತಾಡುತ್ತಾನೆ. ಸುಬ್ರಹ್ಮಣ್ಯಪುರದ ನಡುಮನೆಯಲ್ಲಿಯೂ ಅದು ನಡೆಯುತ್ತಿತ್ತು.

ಎರಡೂ ಸೇರಿದ ಪದ್ಧತಿಯಿಂದ ಕೆಲಸವು ಕೆಡುವುದೆಂಬ ಭಯಕ್ಕೂ ಆಧಾರವಿಲ್ಲ. ಚೀನಾದೇಶದ ಟ್ರಿಪ್.ಕಾಮ್ ಕಂಪೆನಿಯಲ್ಲಿ 1,612 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲವು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ ಮನೆಯಲ್ಲಿದ್ದವರ ಕೆಲಸವೂ ಬಡ್ತಿಯೂ ಕುಂದಲಿಲ್ಲ. ಕೆಲಸವನ್ನು ಬಿಟ್ಟುಹೋಗುವವರು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾದರು.

ಮನೆಯೇ ಸ್ವರ್ಗವೆಂದು ಇಲ್ಲಿ ಹೇಳಿದಂತಾಗಲಿಲ್ಲ. ಎರಡು ಕೋಣೆಗಳ ಮನೆಯಲ್ಲಿ ಅಡಿಗೆಯ ಕಟ್ಟೆಯ ಮೇಲೆ ಕಂಪ್ಯೂಟರನ್ನಿಟ್ಟುಕೊಂಡ ಸೊಸೆಯು, ಮನೆಯಲ್ಲಿಯೇ ಇದ್ದಾಳೆಂಬ ಕಾರಣದಿಂದ, ಕಾಫಿಗೂ ಕರೆಗಂಟೆಗೂ ಮಗುವಿನ ಪಾಠಕ್ಕೂ ಏಳುತ್ತಾಳೆ. ಆಕೆಗೆ ಕಚೇರಿಯೇ ವಿಶ್ರಾಂತಿ. ಹೋಗುವೆನೆಂಬ ಆಕೆಯ ಇಷ್ಟವನ್ನು ಅತ್ತೆಮಾವಂದಿರೂ ಗಂಡನೂ ಮನ್ನಿಸಬೇಕು. ಇರುವೆನೆಂಬವನ ಇಷ್ಟವನ್ನು ಯಜಮಾನರು ಮನ್ನಿಸಬೇಕು. ಬಸ್ಸಿನ ಚಾಲಕನೂ ದಾದಿಯೂ ಪೌರಕಾರ್ಮಿಕಳೂ ದಿನವೂ ಹೋಗುವುದಿಲ್ಲವೆ, ಇವರಿಗೇಕೆ ಈ ಭೋಗವೆಂದು ಕೆಲವರು ಕೇಳುವುದುಂಟು. ಮನೆಯಲ್ಲಿ ಉಳಿದ ಪ್ರತಿಯೊಬ್ಬನೂ ಹೋಗಲೇಬೇಕಾದ ಆ ಜನರಿಗೆ ದಾರಿಯನ್ನು ಬಿಟ್ಟುಕೊಟ್ಟಂತೆಯೇ ಆಯಿತಲ್ಲ.

ಹೊರವರ್ತುಲ ರಸ್ತೆಯ ದಟ್ಟಣೆ ಇಳಿಯಲೆಂದು ವಿಪ್ರೋ ಆವರಣದ ಮೂಲಕ ಮಿತವಾಗಿ ವಾಹನಗಳನ್ನು ಬಿಡಬೇಕೆಂದು 2025ನೆಯ ಸೆಪ್ಟೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರು ಕೇಳಿದಾಗ, ಶ್ರೀ ಅಜೀಂ ಪ್ರೇಮ್‌ಜಿಯವರು ಅದು ಖಾಸಗಿ ಸ್ವತ್ತೆಂದು ವಿನಯದಿಂದ ನಿರಾಕರಿಸಿದರು. ನಿರಾಕರಣೆಯು ನ್ಯಾಯವಾದದ್ದೇ ಇರಬಹುದು. ನೆಲದ ವಿಷಯದಲ್ಲಿ ಸಲ್ಲುವ ಈ ಸ್ವತ್ತಿನ ಮಾತು ನೌಕರನ ಹೊತ್ತಿನ ವಿಷಯದಲ್ಲಿಯೂ ಎಲ್ಲ ಉದ್ಯಮಗಳಲ್ಲಿ ಸಲ್ಲಲಿ. ಬರಲೇಬೇಕೆಂದು ಕರೆದ ದಿನದ ದಾರಿಯ ಹೊತ್ತನ್ನು ಕೆಲಸದ ಗಂಟೆಗಳಲ್ಲಿ ಸೇರಿಸಿ ಬರೆಯತಕ್ಕದ್ದು. ಅಂದು ಕಲಿಸತಕ್ಕ ಹಿರಿಯರು ಯಾರು, ಎಷ್ಟು ಹೊತ್ತು ಜೊತೆಯಲ್ಲಿರುವರು ಎಂಬುದನ್ನೂ ಆಜ್ಞೆಯಲ್ಲಿಯೇ ಕಾಣಿಸತಕ್ಕದ್ದು. ಬಾಗಿಲನ್ನು ದಾಟಿದ ನಿಮಿಷವನ್ನು ತಪ್ಪದೆ ಗುರುತಿಟ್ಟುಕೊಳ್ಳುವ ಕಂಪೆನಿಗಳಿಗೆ ಇಷ್ಟು ಲೆಕ್ಕವು ಕಷ್ಟವಾಗದು.