ಗೋಷ್ಠಿಗೆ ಬಂದ ಹೊಸಬ

ಅಪರಿಚಿತನೊಬ್ಬನು ಬಾಗಿಲಿಗೆ ಬಂದರೆ ಕಾಲಿಗೆ ನೀರು ಕೊಟ್ಟು, ಕುಳ್ಳಿರಲು ಚಾಪೆ ಹಾಸಿ, ಆಮೇಲೆ ಬಂದ ಕಾರ್ಯವೇನೆಂದು ವಿಚಾರಿಸುವುದು ನಮ್ಮ ಮನೆಗಳ ವಾಡಿಕೆ. ಅದೇ ಗೃಹಸ್ಥರು ವಕೀಲರ ಸಂಘಕ್ಕೋ ವೈದ್ಯರ ಗೋಷ್ಠಿಗೋ ಉಪಾಧ್ಯಾಯರ ಕೂಟಕ್ಕೋ ಹೋದಾಗ ಈ ವಾಡಿಕೆಯನ್ನು ಪಾದರಕ್ಷೆಗಳೊಡನೆ ಹೊರಗೆ ಬಿಟ್ಟುಬಂದವರಂತೆ ವರ್ತಿಸುವುದುಂಟು. ಹೊಸದಾಗಿ ಸೇರಿದ ತರುಣನು ಸಂಕೋಚದಿಂದ ಒಂದು ಪ್ರಶ್ನೆಯನ್ನು ಕೇಳಿದರೆ, "ಇಷ್ಟೂ ತಿಳಿಯದೆ?" ಎಂಬ ನಗೆ, ಇಲ್ಲವೆ ಮೌನ. ಎರಡರಲ್ಲಿ ಮೌನವೇ ಹೆಚ್ಚು ಕ್ರೂರವೆಂದು ನನ್ನ ಅಭಿಪ್ರಾಯ. ನಗುವವನು ಪ್ರಶ್ನೆಯನ್ನು ಕೇಳಿಸಿಕೊಂಡಾದರೂ ಇರುತ್ತಾನೆ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿಗೂ ಸಂಬಂಧಪಟ್ಟ ನಿದರ್ಶನವೊಂದುಂಟು. 1907ನೆಯ ಇಸವಿಯಲ್ಲಿ ವಿ. ರಾಮಸ್ವಾಮಿ ಅಯ್ಯರವರು ಗಣಿತಾಸಕ್ತರ ಸಂಘವೊಂದನ್ನು ಸ್ಥಾಪಿಸಿದರು. ಇವರು ಪ್ರಾಧ್ಯಾಪಕರಲ್ಲ, ರೆವಿನ್ಯೂ ಇಲಾಖೆಯ ಡೆಪ್ಯುಟಿ ಕಲೆಕ್ಟರು. ಸದಸ್ಯರು ಚಂದಾ ಹಾಕಿ ಪುಸ್ತಕ ಪತ್ರಿಕೆಗಳನ್ನು ತರಿಸಿ, ಅಂಚೆಯ ಮೂಲಕ ಒಬ್ಬರಿಂದೊಬ್ಬರಿಗೆ ಕಳುಹಿಸಿಕೊಂಡು ಓದುತ್ತಿದ್ದರು. ಇದೇ ಭಾರತೀಯ ಗಣಿತ ಸಂಘವೆಂಬ ಹೆಸರಿನಿಂದ ಇಂದಿಗೂ ನಡೆದುಬರುತ್ತಿದೆ. ಸಂಘದ ಪತ್ರಿಕೆಯಲ್ಲಿ ಪ್ರಶ್ನೆಗಳಿಗೆಂದೇ ಒಂದು ಭಾಗವಿದ್ದಿತು. ಅಲ್ಲಿ 1911ರಲ್ಲಿ, ಕಾಲೇಜಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಉದ್ಯೋಗವನ್ನರಸುತ್ತಿದ್ದ ಶ್ರೀನಿವಾಸ ರಾಮಾನುಜನ್ ಎಂಬ ತರುಣನ ಪ್ರಶ್ನೆಯೊಂದು ಅಚ್ಚಾಯಿತು. ವರ್ಗಮೂಲದೊಳಗೆ ವರ್ಗಮೂಲವು ಕೊನೆಯಿಲ್ಲದೆ ಸಾಗುವ ಲೆಕ್ಕವದು. ತಿಂಗಳುಗಳು ಕಳೆದರೂ ಯಾರಿಂದಲೂ ಪರಿಹಾರ ಬಾರದಿರಲು ಆತನೇ ಉತ್ತರವನ್ನು ಕೊಟ್ಟನು: 3. (ಮನೆಯ ಹುಡುಗರು ಹೀಗೆ ಆರಂಭಿಸಬಹುದು: 3 ಎಂಬುದು 9ರ ವರ್ಗಮೂಲ, 9 ಎಂದರೆ 1 ಕೂಡಿಸು 2 ಗುಣಿಸು 4, ಆ 4 ಎಂಬುದು 16ರ ವರ್ಗಮೂಲ, 16 ಎಂದರೆ 1 ಕೂಡಿಸು 3 ಗುಣಿಸು 5.) ಪದವಿಯಿಲ್ಲದವನ ಪ್ರಶ್ನೆಗೆ ಸ್ಥಳ ಕೊಟ್ಟುದು ಅಲ್ಪವೇನಲ್ಲ.

ಆದರೆ ನಾನು ಹೆಚ್ಚಾಗಿ ಮೆಚ್ಚುವುದು ಅದರ ಅನಂತರದ ಸಂಗತಿಯನ್ನು. ಅದೇ ವರ್ಷ ರಾಮಾನುಜನ್ ತನ್ನ ಮೊದಲನೆಯ ಲೇಖನವನ್ನು ಕಳುಹಿಸಿದನು. ಪತ್ರಿಕೆಯ ಸಂಪಾದಕರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಗಣಿತಾಧ್ಯಾಪಕರಾದ ಎಂ. ಟಿ. ನಾರಾಯಣ ಅಯ್ಯಂಗಾರ್ಯರು. ಲೇಖನದ ವಿಷಯವು ನೂತನವಾಗಿದ್ದರೂ ಬರೆವಣಿಗೆಯು ಅತಿ ಸಂಕ್ಷೇಪವಾಗಿ, ನಡುವಣ ಮೆಟ್ಟಿಲುಗಳೇ ಇಲ್ಲದಂತಿದ್ದಿತು. ಸಂಪಾದಕರು ಅದನ್ನು ಮೂಲೆಗೆಸೆಯಲಿಲ್ಲ. ಹೇಗಿದೆಯೋ ಹಾಗೆಯೇ ಅಚ್ಚು ಹಾಕಿ ಕೈತೊಳೆದುಕೊಳ್ಳಲೂ ಇಲ್ಲ. ಹಸ್ತಪ್ರತಿಯು ಮೂರು ಸಾರಿ ಬೆಂಗಳೂರಿಗೂ ಮದರಾಸಿಗೂ ಓಡಾಡಿತು. ಆತನೂ ಮುನಿಯದೆ ತಿದ್ದಿ ತಿದ್ದಿ ಕಳುಹಿಸಿದನು.

ಹೊಸಬರನ್ನು ಆದರಿಸುವುದೆಂದರೆ ಬೆನ್ನು ತಟ್ಟಿ "ಭೇಷ್" ಎನ್ನುವುದೆಂದು ತಿಳಿದಿರುವವರು ಬಹಳ. ಅದಕ್ಕೆ ಓದಬೇಕಾದ ಕಷ್ಟವೇ ಇಲ್ಲ. ಇಂಥ ಸಾಲಿನಲ್ಲಿ ಅರ್ಥವಾಗಲಿಲ್ಲವೆಂದು ಬರೆಯಬೇಕಾದರೆ ಆ ಸಾಲಿನವರೆಗೆ ಓದಿರಬೇಕಷ್ಟೆ! ಹೊಸಬನಿಗೂ ಒಂದು ಮಾತು: ತಾನು ಯಾರು, ಎಷ್ಟು ಬಲ್ಲೆ, ಏನನ್ನು ಬೇಡುತ್ತೇನೆ ಎಂಬ ಮೂರನ್ನೂ ಮೊದಲೇ ತಿಳಿಸಿದರೆ ಹಿರಿಯರ ಅರ್ಧ ಶ್ರಮವು ಉಳಿಯುತ್ತದೆ.

ರಾಮಾನುಜನ್ 1913ರ ಜನವರಿಯಲ್ಲಿ ಕೇಂಬ್ರಿಜಿನ ಜಿ. ಎಚ್. ಹಾರ್ಡಿಯವರಿಗೆ ಕಾಗದ ಬರೆದಾಗ ಹೀಗೆಯೇ ಮಾಡಿದನು. ತಾನು ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತೆಯೆಂದೂ, ವಿಶ್ವವಿದ್ಯಾನಿಲಯದ ಶಿಕ್ಷಣವು ತನಗಿಲ್ಲವೆಂದೂ ಮೊದಲಲ್ಲಿಯೇ ಅರಿಕೆಮಾಡಿಕೊಂಡನು. ಅದಕ್ಕೆ ಮುಂಚೆ ಕೇಂಬ್ರಿಜಿನ ಬೇರೆ ಇಬ್ಬರು ವಿದ್ವಾಂಸರಿಗೆ ಬರೆದಿದ್ದರೂ ಸಹಾಯ ದೊರೆತಿರಲಿಲ್ಲ. ಹಾರ್ಡಿಯವರಾದರೋ ತಮ್ಮ ಸಹೋದ್ಯೋಗಿ ಲಿಟಲ್‌ವುಡ್ಡರೊಡನೆ ಕುಳಿತು ಆ ಹಾಳೆಗಳನ್ನು ಪರಿಶೀಲಿಸಿ, ಫೆಬ್ರವರಿಯಲ್ಲಿ ಉತ್ತರ ಬರೆದರು. ಅದರಲ್ಲಿ ಮೆಚ್ಚುಗೆಯಿದ್ದಿತು, ಅದರ ಜತೆಗೆ, ಈ ಫಲಗಳಿಗೆ ಸಾಧನೆಗಳನ್ನು ಬಿಡಿಸಿ ಬರೆದು ಕಳುಹಿಸಬೇಕೆಂಬ ಒತ್ತಾಯವೂ ಇದ್ದಿತು. ಬೆಂಗಳೂರಿನ ಸಂಪಾದಕರು 1911ರಲ್ಲಿಯೇ ಆತನಿಂದ ಬಯಸಿದ್ದುದೂ ಇದನ್ನೇ.