ಆತ್ಮವಿಕ್ರಯ

ತನ್ನನ್ನು ತಾನು ಮಾರಿಕೊಂಡವರ ಕಥೆಯು ಕನ್ನಡಿಗರಿಗೆ ಹೊಸದಲ್ಲ. ರಾಘವಾಂಕನ ಹರಿಶ್ಚಂದ್ರನು ವಿಶ್ವಾಮಿತ್ರನ ಋಣವನ್ನು ತೀರಿಸಲೋಸುಗ ಕಾಶಿಯಲ್ಲಿ ಹೆಂಡತಿಯನ್ನೂ ಮಗನನ್ನೂ ಮಾರಿ, ಅದೂ ಸಾಲದಾಗಲು ತನ್ನನ್ನೇ ವೀರಬಾಹುಕನಿಗೆ ಮಾರಿಕೊಂಡು ಸುಡುಗಾಡಿನ ಕಾವಲಿಗೆ ನಿಂತನು. ಆ ವ್ಯಾಪಾರದಲ್ಲಿ ಅವನು ಮಾರಿದುದು ಮೈಯನ್ನು, ಉಳಿಸಿಕೊಂಡುದು ಮಾತನ್ನು. ಇಂದು ಊರೂರಿನಲ್ಲಿಯೂ ನಡೆದಿರುವ ಆತ್ಮವಿಕ್ರಯವು ಇದಕ್ಕೆ ತೀರ ವಿಪರೀತವಾದುದು. ಇಲ್ಲಿ ಮೈ ಕ್ಷೇಮವಾಗಿರುತ್ತದೆ, ಬಿಕರಿಯಾಗುವುದು ಮಾತು. ನೌಕರಿಯ ಸಂದರ್ಶನಕ್ಕೆ ಹೊರಟ ತರುಣನಿಗೆ “ನಿನ್ನನ್ನು ನೀನು ಚೆನ್ನಾಗಿ ಮಾರಿಕೊಳ್ಳಲು ಕಲಿ” ಎಂದು ಹಿತೈಷಿಗಳೇ ಉಪದೇಶಿಸುತ್ತಾರೆ. ಈ ಮಾತನ್ನು ಕೇಳಿ ಯಾರೊಬ್ಬರೂ ಕಿವಿ ಮುಚ್ಚಿಕೊಳ್ಳದಿರುವುದೇ ನಮ್ಮ ಕಾಲದ ಲಕ್ಷಣವಾಗಿದೆ.

ಈ ವಿದ್ಯೆಯೆಲ್ಲವೂ ಪಶ್ಚಿಮದಿಂದ ಬಂದ ಪಿಡುಗೆಂದು ದೂರುವವರುಂಟು. ಅದು ಸರಿಯಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಶ್ರೀ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾಗಿ ಲೋಕವಿಖ್ಯಾತವಾದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಬಹುದು. ಸಾಮೋಪಾಯವು ಐದು ಬಗೆಯೆಂದು ಅಲ್ಲಿ ಹೇಳಿದೆ: ಗುಣಸಂಕೀರ್ತನ, ಸಂಬಂಧೋಪಾಖ್ಯಾನ, ಪರಸ್ಪರೋಪಕಾರಸಂದರ್ಶನ, ಆಯತಿಪ್ರದರ್ಶನ, ಆತ್ಮೋಪನಿಧಾನ. ಎಂದರೆ, ಎದುರಿಗಿರುವವನ ಗುಣಗಳನ್ನು ಹೊಗಳುವುದು, ಹಳೆಯ ನಂಟನ್ನು ಎತ್ತಿ ಆಡುವುದು, ಇಬ್ಬರಿಗೂ ಆಗುವ ಲಾಭವನ್ನು ತೋರಿಸುವುದು, ಮುಂದಿನ ಫಲದಲ್ಲಿ ಆಸೆ ಹುಟ್ಟಿಸುವುದು, “ನಾನು ನಿನ್ನವನೇ” ಎಂದು ತನ್ನನ್ನು ಒಪ್ಪಿಸಿಕೊಳ್ಳುವುದು. ಅಮೆರಿಕದ ಡೇಲ್ ಕಾರ್ನೆಗಿಯು ಜನರನ್ನು ಗೆಲ್ಲುವ ಬಗೆಯನ್ನು ಕುರಿತು 1936ರಲ್ಲಿ ಪ್ರಕಟಿಸಿದ ಸುಪ್ರಸಿದ್ಧ ಪುಸ್ತಕವನ್ನು ಓದುವಾಗ, ಈ ಐದನ್ನು ಬಲ್ಲವನು ಬೆರಗಾಗಬೇಕಾದುದು ಬಹಳವಿಲ್ಲ.

ಆದರೆ ಒಂದು ಭೇದವುಂಟು, ಅದು ಅಲ್ಪವಾದುದಲ್ಲ. ಕೌಟಿಲ್ಯನು ಈ ಉಪಾಯಗಳನ್ನು ರಾಜಶಾಸನಗಳನ್ನು ಬರೆಯುವ ಪ್ರಕರಣದಲ್ಲಿ, ಭೇದ ದಂಡಗಳ ಮಗ್ಗುಲಲ್ಲಿಯೇ ಇರಿಸಿದನು. ಅವು ಆಯುಧಶಾಲೆಯ ಸಾಮಗ್ರಿಗಳೆಂಬುದನ್ನು ಅವನು ಮುಚ್ಚಿಡಲಿಲ್ಲ. ಹೊಸಬರು ಮಾಡಿದ್ದೇನೆಂದರೆ, ಆ ಆಯುಧಗಳನ್ನು ತಂದು ಅಡಿಗೆಮನೆಯಲ್ಲಿಯೂ ಪಡಸಾಲೆಯಲ್ಲಿಯೂ ಇಟ್ಟುದು. ಹಾಗಿದ್ದರೂ ಕಾರ್ನೆಗಿಯು ಮುಖಸ್ತುತಿಯನ್ನು ನಿಷೇಧಿಸಿ, ಮೆಚ್ಚಿಕೆಯು ಪ್ರಾಮಾಣಿಕವಾಗಿರಬೇಕೆಂದು ವಿಧಿಸಿದನು. 1997ರಲ್ಲಿ ಆ ದೇಶದವನೇ ಆದ ಟಾಮ್ ಪೀಟರ್ಸ್ ಎಂಬಾತನು, ಪ್ರತಿಯೊಬ್ಬ ಮನುಷ್ಯನೂ ತಾನೇ ಒಂದು ವ್ಯಾಪಾರಮುದ್ರೆಯಾಗಬೇಕೆಂದು ಪತ್ರಿಕೆಯೊಂದರಲ್ಲಿ ಸಾರಿದನು. ಅಲ್ಲಿಗೆ ವರ್ತಕನೂ ಸರಕೂ ಒಂದೇ ಆದಂತಾಯಿತು. ಸರಕಾದವನಿಗೆ ಸ್ನೇಹಿತರಿರುವುದಿಲ್ಲ, ಗಿರಾಕಿಗಳು ಮಾತ್ರ ಇರುತ್ತಾರೆ.

ಇದರಿಂದ, ಒಪ್ಪಿಸುವ ಮಾತೆಲ್ಲ ಕೆಟ್ಟುದೆಂದು ನಾವು ಹೇಳುತ್ತಿರುವೆವೆಂದು ಯಾರೂ ಭಾವಿಸಬಾರದು. ವೇದವು ಪ್ರಭುವಿನಂತೆಯೂ, ಪುರಾಣವು ಮಿತ್ರನಂತೆಯೂ, ಕಾವ್ಯವು ಕಾಂತೆಯಂತೆಯೂ ಉಪದೇಶಿಸುತ್ತದೆಂದು ಮಮ್ಮಟನ ಮತ. ಸವಿಮಾತಿನಿಂದ ಹಿತವನ್ನು ಒಪ್ಪಿಸುವುದು ಸಾಹಿತ್ಯದ ಧರ್ಮವೇ ಆಗಿದೆ. ಆದರೆ ವಿಷಯವನ್ನು ಒಪ್ಪಿಸುವುದು ಬೇರೆ. ತನ್ನನ್ನು ಒಪ್ಪಿಸುವುದು ಬೇರೆ. ಪಂಪ ರನ್ನರು ತಮ್ಮನ್ನು ತಾವು ಹೊಗಳಿಕೊಳ್ಳಲಿಲ್ಲವೆ ಎಂದು ಕೇಳಬಹುದು. ಹೊಗಳಿಕೊಂಡರು, ನಿಜ. ಆದರೆ ಆ ಹೊಗಳಿಕೆಯು ಕಾವ್ಯದೊಳಗೇ ಇದ್ದಿತು; ಓದುಗನು ಮುಂದಿನ ಪದ್ಯದಲ್ಲಿಯೇ ಅದನ್ನು ಒರೆಗೆ ಹಚ್ಚಬಹುದಾಗಿತ್ತು. ಈಗಿನ ಆತ್ಮಸ್ತುತಿಗೆ ಒರೆಗಲ್ಲೇ ಇಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೇಂದ್ರ ಸರಕಾರದವರು ಉಪಾಧ್ಯಾಯರಿಗೆ ಕೊಡುವ ರಾಷ್ಟ್ರಪ್ರಶಸ್ತಿಯು 1958ರಿಂದ ನಡೆದುಬಂದಿದೆ. ಮೊದಲು ಹೆಸರುಗಳನ್ನು ರಾಜ್ಯಗಳವರು ಸೂಚಿಸುತ್ತಿದ್ದರು. 2018ರಲ್ಲಿ ನಿಯಮವು ಬದಲಾಗಿ, ಉಪಾಧ್ಯಾಯನು ತನ್ನ ಹೆಸರನ್ನು ತಾನೇ ಸೂಚಿಸಿಕೊಂಡು, ತಾನು ಮಾಡಿದ ಕಾರ್ಯಗಳ ವರದಿ, ಛಾಯಾಚಿತ್ರ ಮುಂತಾದ ಸಾಕ್ಷ್ಯಗಳನ್ನು ಕೂಡಿಸಿ ಕಳುಹಿಸಬೇಕಾಯಿತು. ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೂರು ಮಟ್ಟಗಳಲ್ಲಿ ಪರಿಶೀಲನೆಯುಂಟು; ಆ ಪರಿಶೀಲಕರ ಪ್ರಾಮಾಣಿಕತೆಯನ್ನು ನಾವು ಸಂಶಯಿಸುವುದಿಲ್ಲ. ಆದರೆ ಅರ್ಜಿ ಹಾಕದವನು ಅವರ ಪಾಲಿಗೆ ಹುಟ್ಟಿಯೇ ಇಲ್ಲ! ಏಕೋಪಾಧ್ಯಾಯ ಶಾಲೆಯೊಂದರಲ್ಲಿ ಹಾಜರಿ ಬರೆದು, ಮಧ್ಯಾಹ್ನದ ಊಟದ ಲೆಕ್ಕವನ್ನಿಟ್ಟು, ನಾಲ್ಕು ತರಗತಿಗಳಿಗೂ ಅಕ್ಷರ ತಿದ್ದಿಸುವ ಉಪಾಧ್ಯಾಯನು ತನ್ನ ಪಾಠದ ಛಾಯಾಚಿತ್ರವನ್ನು ಯಾರಿಂದ ತೆಗೆಯಿಸಬೇಕು? ಯಾವ ಹೊತ್ತಿನಲ್ಲಿ ತೆಗೆಯಿಸಬೇಕು? ಉಪಾಧ್ಯಾಯರ ದಿನವನ್ನು ಯಾರ ಜನ್ಮದಿನದಂದು ಆಚರಿಸುತ್ತೇವೆಯೋ ಆ ರಾಧಾಕೃಷ್ಣನ್ ಅವರು 1921ರಲ್ಲಿ ಮೈಸೂರನ್ನು ಬಿಟ್ಟು ಹೊರಟಾಗ, ವಿದ್ಯಾರ್ಥಿಗಳೇ ಅವರ ಗಾಡಿಯನ್ನು ಎಳೆದು ರೈಲುನಿಲ್ದಾಣಕ್ಕೆ ಒಯ್ದರು. ಆ ಗೌರವಕ್ಕೆ ಅವರು ಅರ್ಜಿ ಬರೆದಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಬಲವಾದ ಒಂದು ಆಕ್ಷೇಪವುಂಟು. ಅದನ್ನು ಮರೆಮಾಚುವುದು ನ್ಯಾಯವಲ್ಲ. “ವಿನಯವು ಬಲ್ಲಿದರ ಒಡವೆ. ಜಾತಿಯ ಬೆಂಬಲವೂ ನಂಟರ ಶಿಫಾರಸೂ ಉಳ್ಳವನು ಸುಮ್ಮನೆ ಕುಳಿತರೂ ಅವನ ಹೆಸರು ತಾನಾಗಿ ಮೇಲೇರುತ್ತದೆ. ಯಾರೂ ಇಲ್ಲದವನು ತನ್ನ ಮಾತನ್ನು ತಾನೇ ಆಡದಿದ್ದರೆ ಮತ್ತಾರು ಆಡುವರು? ಅಧಿಕಾರಿಯ ಬಾಗಿಲನ್ನು ಕಾಯುವುದಕ್ಕಿಂತ ಅರ್ಜಿಯನ್ನು ಬರೆಯುವುದು ಮೇಲಲ್ಲವೆ?” ಎಂಬುದೇ ಆ ಆಕ್ಷೇಪ. ಇದರ ಮೊದಲ ಭಾಗವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಹಳೆಯ ಶಿಫಾರಸಿನ ಪದ್ಧತಿಯು ಮರಳಿ ಬರಲೆಂದು ಹಾರೈಸುವವರು ನಾವಲ್ಲ. ಹೊಟ್ಟೆಯ ಪಾಡಿಗಾಗಿ ತನ್ನ ಗುಣವನ್ನು ತಾನೇ ಹೇಳಿಕೊಳ್ಳುವ ನಿರುದ್ಯೋಗಿಯನ್ನು ಹಳಿಯುವವನು ಹೃದಯಹೀನನೇ ಸರಿ.

ಆದರೆ ಈ ಆಕ್ಷೇಪದಿಂದ ಸಿದ್ಧವಾಗುವುದೇನು? ಮಾರಿಕೊಳ್ಳುವವನು ನಿರಪರಾಧಿಯೆಂದಷ್ಟೆ, ಸಂತೆಯನ್ನು ನಡೆಸುವವರು ನಿರಪರಾಧಿಗಳೆಂದಲ್ಲ. ಶಿಫಾರಸಿನ ಕಾಲದಲ್ಲಿ ಆರಿಸುವವನು ಪೀಠವನ್ನು ಬಿಟ್ಟು ಏಳಲಿಲ್ಲ. ನಾಲ್ವರು ಬಂದು ಅವನ ಕಿವಿಯಲ್ಲಿ ಊದಿದರು. ಅರ್ಜಿಯ ಕಾಲದಲ್ಲಿಯೂ ಹುಡುಕಿಕೊಂಡು ಹೋಗಲೆಂದು ಅವನು ಏಳುವುದಿಲ್ಲ. ಊದುವವನು ಮಾತ್ರ ಬದಲಾಗಿದ್ದಾನೆ. ಯೋಗ್ಯನನ್ನು ಹುಡುಕುವ ಭಾರವು ನ್ಯಾಯವಾಗಿ ಯಾರದೋ ಅವರು ಅದನ್ನು ಯೋಗ್ಯನ ಹೆಗಲಿಗೇ ಹೊರಿಸಿ, ತಾವು ಬಂದುದರಲ್ಲಿ ಆರಿಸುವ ಸುಖಿಗಳಾಗಿದ್ದಾರೆ. ಆತ್ಮವಿಕ್ರಯದ ಮೂಲವು ಮಾರುವವನ ದುರಾಸೆಗಿಂತ ಹೆಚ್ಚಾಗಿ ಕೊಳ್ಳುವವನ ಸೋಮಾರಿತನದಲ್ಲಿದೆ. ಇದೇ ನಮ್ಮ ವಾದದ ಜೀವಾಳ.

ಈ ಸೋಮಾರಿತನವು ಸರಕಾರದಲ್ಲಿ ಮಾತ್ರ ಇದೆಯೆ? ಮನೆಗೆ ಸೊಸೆಯನ್ನು ತರುವವರು ಒಂದು ಹಾಳೆಯ ವಿವರಪಟ್ಟಿಯನ್ನು ನೋಡಿ ತೃಪ್ತರಾಗುತ್ತಾರೆ. ನೌಕರಿ ಕೊಡುವವರು ಅರ್ಧ ಗಂಟೆಯ ಮಾತುಗಾರಿಕೆಯನ್ನು ಮೂವತ್ತು ವರ್ಷಗಳ ಕೆಲಸಕ್ಕೆ ಪ್ರಮಾಣವೆಂದು ಸ್ವೀಕರಿಸುತ್ತಾರೆ. ಬಡಗಿಯನ್ನು ಗೊತ್ತುಮಾಡುವ ರೈತನಾದರೋ ಅವನ ನಾಲಗೆಯನ್ನು ನೋಡುವುದಿಲ್ಲ. ಅವನು ಹೂಡಿದ ಬಾಗಿಲು ಕಿರುಗುಟ್ಟುತ್ತದೆಯೋ ಇಲ್ಲವೋ ನೋಡುತ್ತಾನೆ. ಸಾಹಿತ್ಯಸಂಘಗಳಾದ ನಾವಾದರೂ ಈ ರೈತನಿಗಿಂತ ಮೇಲಾಗಿದ್ದೇವೆಯೆ? ಸಂಘಗಳು ಬಹುಮಾನಕ್ಕಾಗಿ ಪ್ರತಿಗಳನ್ನೂ ಪರಿಚಯಪತ್ರವನ್ನೂ ಲೇಖಕನಿಂದಲೇ ತರಿಸಿಕೊಳ್ಳುವುದು ವಾಡಿಕೆಯಾಗಿಬಿಟ್ಟಿದೆ. ಪುಸ್ತಕವನ್ನು ಕೊಂಡು ಓದಲಾರದವರು ಅದನ್ನು ಸನ್ಮಾನಿಸುವ ಅಧಿಕಾರವನ್ನು ಎಲ್ಲಿಂದ ಪಡೆದರು?

ಆದಕಾರಣ ನಮ್ಮ ಸೂಚನೆಗಳು ಇಷ್ಟೆ. ಸಾಹಿತ್ಯಸಂಘಗಳು ಸನ್ಮಾನಕ್ಕೆ ಅರ್ಜಿ ಕರೆಯುವುದನ್ನು ಇಂದೇ ನಿಲ್ಲಿಸಲಿ. ಸದಸ್ಯರು ಓದಿ, ತಿರುಗಾಡಿ, ವಿಚಾರಿಸಿ ಹೆಸರುಗಳನ್ನು ತರಲಿ. ಉಪಾಧ್ಯಾಯನ ಯೋಗ್ಯತೆಯನ್ನು ಅವನ ಕೈಯ ಕೆಳಗೆ ಕಲಿತು ಹತ್ತು ವರ್ಷಗಳಾದವರನ್ನು ಕೇಳಿ ತಿಳಿಯಲಿ. ಕೆಲಸಕ್ಕೆ ಆಳನ್ನು ಆರಿಸುವವರು ಕೆಲಸವನ್ನೇ ಕೊಟ್ಟು ಪರೀಕ್ಷಿಸಲಿ. ಇವು ಶ್ರಮದ ದಾರಿಗಳು, ನಿಜ. ಆದರೆ ಆರಿಸುವವರು ಈ ಶ್ರಮವನ್ನು ಪಡದ ನಾಡಿನಲ್ಲಿ ಕೆಲಸ ಬಲ್ಲವರು ಕ್ರಮೇಣ ಕೆಲಸವನ್ನು ಬಿಟ್ಟು ಮಾತನ್ನು ಕಲಿಯುತ್ತಾರೆ. ಆಮೇಲೆ ಹುಡುಕಿಕೊಂಡು ಹೊರಟರೂ, ಆರಿಸುವುದಕ್ಕೆ ಮಾತಲ್ಲದೆ ಮತ್ತೇನೂ ಉಳಿದಿರುವುದಿಲ್ಲ.